ನೆರಳಿನ ಕಡೆಯ ಸೀಟು

ಕಲಬುರಗಿಯ ಬಸ್‌ಸ್ಟ್ಯಾಂಡಿನಲ್ಲಿ ಸೀಟಿನ ಮೇಲೆ ದಸ್ತಿ ಬಿದ್ದಿದೆ ಎಂದರೆ ಮುಗಿಯಿತು, ಆ ಸೀಟು ಇನ್ನೊಬ್ಬರದು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕೈ ತೂರಿಸಿ ಕರವಸ್ತ್ರ ಒಗೆದವನೇ ಅದರ ಒಡೆಯ. ಅದನ್ನು ತೆಗೆದು ಕೂತವರು ಎಂಥೆಂಥ ಮಾತು ಕೇಳಬೇಕಾಗುತ್ತದೆ ಎಂಬುದು ಊರಿಗೆಲ್ಲ ಗೊತ್ತು. ವೈಜಯಂತಿಗೂ ಗೊತ್ತಿತ್ತು. ಆದರೂ ತೊಂಬತ್ತಾರರ ಜೂನ್ ತಿಂಗಳ ಒಂದು ಮುಂಜಾನೆ, ಕಮಲಾಪುರದ ಬಸ್ಸಿನಲ್ಲಿ, ಎಡಗಡೆ ಕಿಟಕಿಯ ಸೀಟಿನ ಮೇಲಿದ್ದ ಬಿಳಿ ದಸ್ತಿಯನ್ನು ಎರಡೇ ಬೆರಳಲ್ಲಿ ಎತ್ತಿ ಬದಿಗಿಟ್ಟು ಕೂತೇಬಿಟ್ಟಳು.

"ಮೇಡಂ, ಅದು ನನ್ನ ದಸ್ತಿರೀ."

ತಲೆ ಎತ್ತಿ ನೋಡಿದಳು. ತೆಳ್ಳಗೆ, ಎತ್ತರಕ್ಕೆ, ಬಿಸಿಲಲ್ಲೇ ತಿರುಗಿ ಕಪ್ಪಾದ ಮುಖದ ತರುಣ. ಸಿಟ್ಟು ಬಂದಿತ್ತು, ಆದರೆ ಸಿಟ್ಟಾಗಲು ಅಭ್ಯಾಸವಿಲ್ಲದವನಂತೆ ಕಂಡ.

"ಗೊತ್ತದರೀ. ಬಲಗಡೆ ಸೀಟ್ ಖಾಲಿ ಅವ ಅಲಾ, ಅಲ್ಲಿ ಕೂಡ್ರಿ."

"ಖಾಲಿ ಅವ ಅಂದ್ರ ನೀವ್ಯಾಕ ಕೂಡಬಾರದು?"

"ಅಲ್ಲಿ ಬಿಸಿಲು ಬರ್ತದ."

"ನಾ ಕೂತ್ರ ಬೆಳದಿಂಗಳು ಬರ್ತದೇನ್ರೀ?"

ಪಕ್ಕದಲ್ಲಿದ್ದ ಹಾಜಿರಾ ಕಿಸಕ್ಕನೆ ನಕ್ಕಳು. ಹಾಜಿರಾ ಮತ್ತು ವೈಜಯಂತಿ ಕಮಲಾಪುರದ ಒಂದೇ ಶಾಲೆಯಲ್ಲಿ ಟೀಚರು, ದಿನವೂ ಒಂದೇ ಬಸ್ಸು. ವೈಜಯಂತಿ ಮಾತ್ರ ನಗಲಿಲ್ಲ. ಕಿಟಕಿಯ ಕಡೆ ಮುಖ ತಿರುಗಿಸಿದಳು. ಕಣ್ಣು ತುಂಬಿದ್ದು ಯಾರಿಗೂ ಕಾಣಬಾರದಿತ್ತು. ಆದರೆ ಕಿಟಕಿಯ ಗಾಜಿನಲ್ಲಿ ಅವನಿಗೆ ಕಂಡುಬಿಟ್ಟಿತು.

ಅವನು ಬಲಗಡೆಗೆ ಹೋಗಿ ಕೂತ. ದಸ್ತಿಯನ್ನು ಕೇಳುವುದನ್ನೂ ಮರೆತ.

ಹಿಂದಿನ ಬೇಸಿಗೆಯಲ್ಲಿ ವೈಜಯಂತಿಯ ಎರಡೂ ಕೆನ್ನೆ ಕೆಂಪೇರಿ, ಬೆರಳ ಕೀಲುಗಳು ಬಾತು, ಬಿಟ್ಟುಬಿಟ್ಟು ಜ್ವರ ಬಂದಿತ್ತು. ಡಾಕ್ಟರು ರಕ್ತ ತಪಾಸಣೆ ಮಾಡಿಸಿ ಹೇಳಿದ್ದರು. "ಇದು ಒಳಗಿನ ರೋಗ, ತಂಗಿ. ಪೂರ್ತಿ ಹೋಗಂಗಿಲ್ಲ, ಗುಳಿಗಿ ತಗೊಂಡ್ರ ಹಿಡಿತದಾಗ ಇರ್ತದ. ಆದ್ರ ಬಿಸಿಲು ನಿನಗ ವಿಷ. ಹೊರಗ ಹೊಂಟಾಗೆಲ್ಲಾ ಈ ಲೋಷನ್ ಹಚ್ಚಿಕೊ, ಮುಖ ಮುಚ್ಚಿಕೊ." ಹೇಳುವುದಕ್ಕೆ ಎಷ್ಟು ಸಲೀಸು! ಕಲಬುರಗಿಯ ಬಿಸಿಲಿನಲ್ಲಿ ಬದುಕುವ ಹುಡುಗಿಗೆ ಅಷ್ಟೇ ತಾನೇ ಹೇಳಬೇಕಾದದ್ದು.

ಆದರೆ ಅವಳ ಚರ್ಮಕ್ಕೆ ಹುಟ್ಟಿನಿಂದ ಇನ್ನೊಂದು ಕಷ್ಟವಿತ್ತು. ಅದಕ್ಕೆ ಯಾವ ಡಾಕ್ಟರೂ ಹೆಸರು ಹೇಳಿರಲಿಲ್ಲ. ಹೆಸರಿಟ್ಟವಳು ಅವಳ ಅಮ್ಮ ಚಂದ್ರಾಬಾಯಿ: ನಖರಾ. ಸಣ್ಣವಳಿದ್ದಾಗ ದೀಪಾವಳಿಯ ಎಣ್ಣೆ ಹಚ್ಚಲು ಹಿಡಿದರೆ ಬ್ರಹ್ಮಪುರದ ಓಣಿಯೆಲ್ಲ ಕೇಳುವ ಹಾಗೆ ಅಳುತ್ತಿದ್ದಳು. ಹೊಲಿಗೆ ಚುಚ್ಚುತ್ತದೆಂದು ಒಳಲಂಗವನ್ನು ಒಳಮೈ ಹೊರಗೆ ಮಾಡಿ ತೊಡುತ್ತಿದ್ದಳು. ಮುಖಕ್ಕೆ ಜಿಡ್ಡು ಮುಟ್ಟಿದರಂತೂ ಉಸಿರೇ ಕಟ್ಟುತ್ತಿತ್ತು. ಹಚ್ಚಿದ ಆ ಜಾಗವೊಂದೇ ಉಳಿದು, ಪಾಠ, ಮಾತು, ಹಸಿವು, ಎದುರಿಗಿದ್ದವರ ಮುಖ, ಎಲ್ಲ ಅಳಿಸಿಹೋಗುತ್ತಿತ್ತು. ಲೋಷನ್ ಬಾಟಲಿಯನ್ನು ಅವಳು ಎಷ್ಟು ಸಲ ತೆರೆದಿದ್ದಳೋ ಅಷ್ಟು ಸಲವೂ ಬಚ್ಚಲಿಗೆ ಓಡಿದ್ದಳು. ಬೆಳ್ಳಗಿನ ಆ ಮುದ್ದೆ, ಅದರ ಸಿಹಿಸಿಹಿ ವಾಸನೆ, ಅದರ ಮೇಲೆ ಇಳಿಯುವ ಬೆವರು! ಯಾರದೋ ಒದ್ದೆ ಅಂಗೈ ಮುಖಕ್ಕೆ ಅಂಟಿಕೊಂಡು ಬಿಡಲೊಲ್ಲದು ಅನ್ನಿಸುತ್ತಿತ್ತು. ನೈಲಾನ್ ಓಢಣಿ ಮುಖಕ್ಕೆ ಕಟ್ಟಿದರೆ ಗರಗಸ. ಇನ್ನು ಉಳಿದದ್ದು ಒಂದು ಕರಿ ಕೊಡೆ, ಒಂದು ನೆರಳಿನ ಕಡೆಯ ಸೀಟು.

ಆ ಬಸ್ಸಿನಲ್ಲಿ ಮುಂಜಾನೆ ಹೋಗುವಾಗ ಬಿಸಿಲು ಬಲಗಡೆ. ಸಂಜೆ ಬಸ್ಸು ತಿರುಗಿದರೆ ಸೂರ್ಯನೂ ತಿರುಗಿರುತ್ತಿದ್ದ, ಆಗಲೂ ಬಲಗಡೆಯೇ. ಎಡಗಡೆಯ ಸೀಟು ಸಿಕ್ಕರೆ ಅವಳಿಗೆ ಆ ದಿನ ಸಿಕ್ಕಿತು.

ಮರುದಿನ ಅವಳು ಏದುಸಿರು ಬಿಡುತ್ತ ಬಸ್ಸು ಹತ್ತಿದಾಗ ಎಡಗಡೆಯ ಸೀಟೆಲ್ಲ ಭರ್ತಿ. ಒಂದರ ಮೇಲೆ ಮಾತ್ರ ಚೌಕುಳಿ ಟವೆಲ್ ಬಿದ್ದಿತ್ತು. ಅವನು ಪಕ್ಕದಲ್ಲಿ ಕಂಬ ಹಿಡಿದು ನಿಂತಿದ್ದ.

"ಕೂಡ್ರಿ. ನಿಮ್ಮ ಸಲುವಾಗೇ ಹಿಡಿದೀನಿ."

"ಯಾಕ?"

"ನಿನ್ನಿ ನಾ ಅಂದದ್ದು ತಪ್ಪಾತು. ಹಾಜಿರಾ ಮೇಡಂ ಎಲ್ಲಾ ಹೇಳಿದ್ರು."

ವೈಜಯಂತಿ ಹಾಜಿರಾಳನ್ನು ದುರುಗುಟ್ಟಿ ನೋಡಿದಳು. ಹಾಜಿರಾ ಆಕಾಶ ನೋಡಿದಳು.

ಅವನ ಹೆಸರು ಮುಕುಂದ. ಕಮಲಾಪುರದ ತೋಟಗಾರಿಕೆ ಕಚೇರಿಯಲ್ಲಿ ಕೆಲಸ, ದಿನವಿಡೀ ಕೆಂಪುಬಾಳೆಯ ತೋಟ ತಿರುಗುವುದು. ಅಂದಿನಿಂದ ಸೀಟು ಹಿಡಿಯುವುದು ಅವನ ಇನ್ನೊಂದು ನೌಕರಿಯಾಯಿತು. ಬಸ್ಸು ಪ್ಲಾಟ್‌ಫಾರ್ಮಿಗೆ ಬರುವಾಗಲೇ ಓಡಿ ಕಿಟಕಿಗೆ ಕೈ ಹಾಕುತ್ತಿದ್ದ. ಕಂಡಕ್ಟರ್ ಯಂಕಪ್ಪ, "ಸಾಹೇಬ್ರ, ಆ ಸೀಟು ನಿಮ್ಮ ಹೆಸರಿಗೆ ಬರೆಸಿಕೊಂಡೀರೇನು?" ಎಂದು ಕಾಡುತ್ತಿದ್ದ. "ಬರೆಸಿಕೊಂಡಿಲ್ಲ, ಬರೆದು ಕೊಟ್ಟಾರ," ಎಂದು ಹಾಜಿರಾ ಸೇರಿಸುತ್ತಿದ್ದಳು.

ಮಹಾಗಾಂವ ಕ್ರಾಸಿನಲ್ಲಿ ಬಸ್ಸು ತಿರುಗಿ ನಿಲ್ಲುವಾಗ ಮಾತ್ರ ಬಿಸಿಲು ಎಡಗಡೆಗೆ ನುಗ್ಗುತ್ತಿತ್ತು. ಒಂದು ದಿನ ಅವಳು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡದ್ದನ್ನು ಮುಕುಂದ ನೋಡಿದ. ಹಾಜಿರಾ ಮರಳಿ ಕೊಟ್ಟಿದ್ದ ಆ ಹಳೆಯ ಬಿಳಿ ದಸ್ತಿಯನ್ನು ಕಿಸೆಯಿಂದ ತೆಗೆದು ಚಾಚಿದ. ಬೇಡ ಎನ್ನಲು ನಾಚಿಕೆಯಾಗಿ ತೆಗೆದುಕೊಂಡಳು, ಹಲ್ಲು ಕಚ್ಚಿ ಮುಖದ ಮೇಲೆ ಹಾಕಿಕೊಂಡಳು. ಆಮೇಲೆ ಮೆಲ್ಲಗೆ ಹಲ್ಲು ಸಡಿಲ ಬಿಟ್ಟಳು.

ಚುಚ್ಚಲಿಲ್ಲ. ಅಂಟಲಿಲ್ಲ. ವಾಸನೆಯೂ ಇರಲಿಲ್ಲ.

"ಎಷ್ಟು ಹಳೀದರೀ ಇದು?" ಬಟ್ಟೆಯೊಳಗಿಂದಲೇ ಕೇಳಿದಳು.

"ನಮ್ಮ ಅಜ್ಜನ ಧೋತರ. ಹರಿದ ಮ್ಯಾಲೆ ಅಮ್ಮ ದಸ್ತಿ ಮಾಡಿದ್ಲು. ಅದರಾಗಿಂದು ಇದೊಂದೇ ಉಳಿದದ."

"ಮತ್ತ ವಾಪಸ್ ಬೇಕೇನು?"

"ಬ್ಯಾಡ," ಎಂದ. "ಬೇಕಂದ್ರೂ ನೀವು ಕೊಡೋ ಹಾಂಗ ಕಾಣಂಗಿಲ್ಲ."

ದಸ್ತಿಯ ಹಿಂದೆ ಅವಳು ನಕ್ಕಳು. ಬಟ್ಟೆ ಸ್ವಲ್ಪ ಅಲುಗಿತು. ಅಷ್ಟೇ ಅವನಿಗೆ ಕಂಡದ್ದು, ಆದರೆ ಕಮಲಾಪುರ ಬರುವವರೆಗೂ ಅವನ ಮುಖದ ಮೇಲೆ ಆ ನಗೆ ಉಳಿದಿತ್ತು.

ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಧ್ವಜಾರೋಹಣ. ಮೋಡವಿದೆ ಎಂದು ನಂಬಿ ಹೋದಳು. ಭಾಷಣದ ನಡುವೆ ಮೋಡ ಹರಿಯಿತು. ಕೊಡೆ ಬಿಚ್ಚಲು ಹೋದಾಗ ಹೆಡ್‌ಮಾಸ್ತರು ಕಣ್ಣಿನಲ್ಲೇ ಬೇಡವೆಂದರು. ಮೂರನೆಯ ದಿನ ಅವಳು ದವಾಖಾನೆಯಲ್ಲಿದ್ದಳು. ಮುಖ ಬಾತು ಗುರುತು ಸಿಗದಂತಾಗಿತ್ತು. ನೋಡಲು ಬಂದ ಮುಕುಂದನನ್ನು ಡಾಕ್ಟರು ಮನೆಯವನೇ ಎಂದು ತಿಳಿದು ಹೊರಗೆ ಕರೆದು ಹೇಳಿದರು. "ಇನ್ನೊಮ್ಮೆ ಹಿಂಗ ಬಿಸಿಲಿಗೆ ನಿಂತ್ರ ಕಿಡ್ನಿಗೆ ಬರ್ತದ. ಆ ಲೋಷನ್ ಹಚ್ಚಿಕೊಳ್ಳಾಕ ಏನು ಕಷ್ಟರೀ ಇವರಿಗೆ?"

ಆ ಮಾತು ಅವನ ಎದೆಯಲ್ಲಿ ಕೂತುಬಿಟ್ಟಿತು. ಒಳಗೆ ಬಂದು ಕಾಟಿನ ಪಕ್ಕದ ಸ್ಟೂಲಿನಲ್ಲಿ ಕೂತ.

"ನಿಮಗ ಏನರೆ ಆದ್ರ ನಾ ಯಾರಿಗೆ ಸೀಟ್ ಹಿಡೀಲಿ?" ಎಂದ.

ಬಾತ ಕಣ್ಣುಗಳ ಸಂದಿಯಿಂದ ಅವಳು ಅವನನ್ನು ನೋಡಿದಳು. ಪ್ರೀತಿಯನ್ನು ಯಾರಾದರೂ ಹೀಗೆ ಹೇಳುತ್ತಾರೆಯೇ? ಹೇಳಿದ್ದ, ಅವಳಿಗೆ ತಿಳಿದಿತ್ತು.

ಅವಳು ಕೆಲಸಕ್ಕೆ ಮರಳಿದ ದಿನ ಬಸ್ಸಿನಲ್ಲಿ ಎಲ್ಲರೂ ಮುಕುಂದನನ್ನೇ ನೋಡುತ್ತಿದ್ದರು. ಅವನ ಮುಖ, ಕುತ್ತಿಗೆ, ಕಿವಿ ಎಲ್ಲ ಬೆಳ್ಳಗೆ ಬಳಿದಂತಿದ್ದವು. ಯಂಕಪ್ಪ ಟಿಕೆಟ್ ಹರಿಯುವುದನ್ನೇ ನಿಲ್ಲಿಸಿದ. "ಏನ್ರೀ ಸಾಹೇಬ್ರ, ಇವತ್ತು ಬಯಲಾಟದಾಗ ಪಾರ್ಟ್ ಅದ ಏನು?"

"ಲೋಷನ್," ಎಂದು ಮುಕುಂದ ಅವಳಿಗೆ ಮಾತ್ರ ಕೇಳುವಂತೆ ಹೇಳಿದ. "ನಿಮ್ಮದೇ ಕಂಪನಿ. ನಿಮಗ ಏನ್ ಆಗ್ತದ ಅಂತ ತಿಳಕೋಬೇಕಾಗಿತ್ತು."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಅಳು ಬಂತು. ಸಂಜೆ ಬಸ್ಸಿಗೆ ಕಾಯುವಾಗ ಕೇಳಿದಳು. "ತಿಳೀತೇನು?"

"ಅಂಟಂಟು ಖರೇ. ಒಂದು ತಾಸು ಭಾಳ ಕಿರಿಕಿರಿ. ಆಮ್ಯಾಲೆ ಮರತೇಬಿಟ್ಟೆ."

"ಅದೇ ನೋಡ್ರಿ," ಎಂದಳು. ನಗೆ ಆರಿಹೋಗಿತ್ತು. "ನಿಮಗ ಮರೀತದ. ನನಗ ಮರೆಯೋದೇ ಇಲ್ಲ. ಪ್ರತಿ ಕ್ಷಣಕ್ಕೂ ಆಗಷ್ಟೇ ಹಚ್ಚಿದ್ಹಾಂಗ ಇರ್ತದ."

ಅವನು ತಲೆಯಾಡಿಸಿದ. ಅರ್ಥವಾಯಿತು ಎಂದೇ ಅವಳು ತಿಳಿದಳು.

ಕಾರ್ತಿಕದಲ್ಲಿ ಒಮ್ಮೆ ಅವಳನ್ನೂ ಹಾಜಿರಾಳನ್ನೂ ಬಾಳೆತೋಟಕ್ಕೆ ಕರೆದೊಯ್ದ. ಹೊರಗೆ ನಡುಹಗಲು. ಒಳಗೆ ಎಲೆಯ ಮೇಲೆ ಎಲೆ ಕೂಡಿ, ಬಿಸಿಲು ನೆಲಕ್ಕೆ ಬರುವಷ್ಟರಲ್ಲಿ ಹಸಿರಾಗಿ ತಣ್ಣಗಾಗಿತ್ತು. ವೈಜಯಂತಿ ಕೊಡೆ ಮಡಚಿದಳು. ರೋಗ ಬಂದ ಮೇಲೆ ಮೊದಲ ಸಲ ಹಗಲು ಹೊತ್ತಿನಲ್ಲಿ ಬರಿಮುಖದಲ್ಲಿ ಹೊರಗೆ ನಿಂತಿದ್ದಳು. ಮುಕುಂದ ಕೆಂಪುಬಾಳೆ ಸುಲಿದು ಕೊಟ್ಟ.

"ಇಲ್ಲೇ ಮನಿ ಕಟ್ಟೋಣೇನು?" ಎಂದ.

"ಕಟ್ಟಿದ್ರ ಎಲಿ ಕಡಿಯೂ ಹಾಂಗಿಲ್ಲ ಮತ್ತ."

"ಊಟಕ್ಕ ಸ್ಟೀಲ್ ತಾಟು ತರೋಣಂತ."

ಆ ಮಧ್ಯಾಹ್ನ ಅವಳಿಗೆ ಬದುಕು ಸಾಧ್ಯವೆನ್ನಿಸಿತು.

ಇಬ್ಬರದೂ ವೈಷ್ಣವ ಮನೆ, ಇಬ್ಬರ ಮನೆಯಲ್ಲೂ ಅರ್ಧ ಮರಾಠಿ, ಅರ್ಧ ಕನ್ನಡ. ಜಾತಕ ಕೂಡಿತು. ವೈಶಾಖದಲ್ಲಿ ಮದುವೆ, ಮುಹೂರ್ತ ನಡುಹಗಲಿಗೆ, ಅಂಗಳದ ಬಟ್ಟೆಯ ಚಪ್ಪರದಲ್ಲಿ. ವೈಜಯಂತಿ ಮುಹೂರ್ತಕ್ಕೆ ಹೆದರಲಿಲ್ಲ. ಚಪ್ಪರದ ಮೇಲೆ ಇನ್ನೊಂದು ತಾಡಪಾಲು ಹಾಕಿಸಲು ಅಪ್ಪ ಒಪ್ಪಿದ್ದರು. ಅವಳು ಹೆದರಿದ್ದು ಹಿಂದಿನ ದಿನದ ಶಾಸ್ತ್ರಕ್ಕೆ. ಅವರಲ್ಲಿ ಮೊದಲು ವರನಿಗೆ ಅರಿಶಿಣ ಹಚ್ಚಿ, ಉಳಿದದ್ದನ್ನು ಹೆಣ್ಣಿನ ಮನೆಗೆ ತಂದು ವಧುವಿನ ಮುಖಕ್ಕೆ ಹಚ್ಚುತ್ತಾರೆ. ಮರಾಠಿಯಲ್ಲಿ ಅದಕ್ಕೆ ಉಷ್ಟಿ ಹಳದ ಅನ್ನುತ್ತಾರೆ, ವರನ ಎಂಜಲು ಅರಿಶಿಣ.

"ನಾ ನಿಮ್ಮನ್ನ ಬ್ಯಾರೆ ಏನೂ ಕೇಳಂಗಿಲ್ಲ," ಎಂದಿದ್ದಳು ಮುಕುಂದನಿಗೆ. "ಹಳದಿ ಮುಖಕ್ಕ ಬ್ಯಾಡ. ಕಾಲ ಹೆಬ್ಬೆರಳಿಗೆ ಒಂದು ಬೊಟ್ಟು ಇಟ್ಟು ಶಾಸ್ತ್ರ ಮುಗಿಸ್ರಿ ಅಂತ ನಿಮ್ಮ ಅಮ್ಮಗ ಹೇಳ್ರಿ. ಹೇಳ್ತೀರಿಲ್ಲ?"

"ಹೇಳ್ತೇನಿ."

"ಆಣಿ?"

"ನಿನ್ನಾಣಿ, ವೈಜೂ."

ಶಾಸ್ತ್ರದ ದಿನ ಸಂಜೆ ಮನೆ ತುಂಬ ಹೆಂಗಸರು. ಮುಕುಂದನ ತಾಯಿ ಸರಸ್ವತೀಬಾಯಿ ಬೆಳ್ಳಿ ಬಟ್ಟಲು ಹಿಡಿದು ಬಂದರು. ವೈಜಯಂತಿ ನಕ್ಕು ಕಾಲು ಮುಂದೆ ಚಾಚಿದಳು. ಅವರು ಕಾಲು ನೋಡಲೂ ಇಲ್ಲ. ಎರಡೂ ಅಂಗೈ ತುಂಬ ತೆಗೆದುಕೊಂಡು ಅವಳ ಎರಡೂ ಕೆನ್ನೆಗೆ ಒತ್ತಿದರು.

"ಅತ್ಯಾ, ಬ್ಯಾಡ್ರೀ..."

"ಗಂಡನ ಹಳದಿ ಬ್ಯಾಡ ಅಂತಾಳ ನೋಡ್ರಿ ಹುಡುಗಿ!" ಸೋದರತ್ತೆ ಸಾವಿತ್ರೀಬಾಯಿ ನಗುತ್ತ ಹಿಂದಿನಿಂದ ಅವಳ ಎರಡೂ ತೋಳು ಹಿಡಿದಳು. ಎಲ್ಲರೂ ನಕ್ಕರು. ಯಾರ ನಗೆಯಲ್ಲೂ ಕೇಡಿರಲಿಲ್ಲ. ಹಣೆ, ಗದ್ದ, ಕುತ್ತಿಗೆ, ಕೈ. ಯಾರೋ ಹಾಡು ಎತ್ತಿದರು. ಆಗ ಅರಿಶಿಣದ ಘಾಟಿನ ಕೆಳಗಿನಿಂದ ಇನ್ನೊಂದು ವಾಸನೆ ಎದ್ದು ಬಂತು. ಸಿಹಿಸಿಹಿ. ಅವಳಿಗೆ ಗೊತ್ತಿದ್ದದ್ದು. ಬಾಟಲಿಯದು.

ಆ ಲೋಷನ್ನಿನ ಹೆಸರು ಗೊತ್ತಿದ್ದವನು ಗಂಡಿನ ಮನೆಯವರಲ್ಲಿ ಒಬ್ಬನೇ.

ಕೂಗಿದ ದನಿ ತನ್ನದೇ ಎಂದು ಅವಳಿಗೆ ತಿಳಿಯಲಿಲ್ಲ. ತೋಳು ಕಿತ್ತುಕೊಂಡು ಬಚ್ಚಲಿಗೆ ಓಡಿ ಚಿಲಕ ಹಾಕಿದಳು. ಕೊಡಗಟ್ಟಲೆ ನೀರು ಸುರಿದುಕೊಂಡಳು. ಸಾಬೂನು, ಕಡ್ಲಿಹಿಟ್ಟು, ಕೊನೆಗೆ ಉಗುರು. ಕೆನ್ನೆಯಲ್ಲಿ ರಕ್ತ ಬಂತು, ಜಿಡ್ಡು ಹೋಗಲಿಲ್ಲ. ಹೊರಗೆ ಅಮ್ಮ ಬಾಗಿಲು ಬಡಿದು, "ಮಂದ್ಯಾಗ ಮಾನ ಕಳೀಬ್ಯಾಡವ್ವಾ," ಎಂದು ಅಳುತ್ತಿದ್ದಳು.

ಸುದ್ದಿ ಕೇಳಿ ಮುಕುಂದ ಹಿತ್ತಲಿನಿಂದ ಓಡಿ ಬಂದ. ಬಚ್ಚಲಿನ ಸಣ್ಣ ಕಿಟಕಿಯಲ್ಲಿ ಅವನ ಕೈ ಕಂಡಿತು. ಕೈಯಲ್ಲಿ ಬಿಳಿ ದಸ್ತಿ. ಅವಳ ಕೋಣೆಯ ತಲೆದಿಂಬಿನ ಬಳಿಯಿಂದ ಹಾಜಿರಾ ತಂದು ಕೊಟ್ಟಿದ್ದಳು. ಯೋಚಿಸಲು ಪುರಸೊತ್ತಿಲ್ಲದೆ ಕಸಿದುಕೊಂಡು ಮುಖ ಒರೆಸಿಕೊಂಡಳು, ಮತ್ತೆ ಮತ್ತೆ ಒರೆಸಿದಳು. ಬಟ್ಟೆ ಹಳದಿಯಾಯಿತು.

"ಇದರಾಗ ಏನ್ ಕಲಸೀರಿ?" ಎಂದಳು.

ಕಿಟಕಿಯಲ್ಲಿದ್ದ ಕೈ ಹಿಂದೆ ಸರಿಯಿತು.

"ಏನ್ ಕಲಸೀರಿ, ಹೇಳ್ರಿ."

"ಔಷಧ," ಎಂದ. "ನಾಳೆ ನಡುಹಗಲು ಮುಹೂರ್ತ. ತಾಡಪಾಲು ಹಾಕಿದ್ರೂ ಮಂದಿ ನಡುವ ಓಡಾಡೋದು ಇರ್ತದ. ಆ ದವಾಖಾನ್ಯಾಗ ನಿನ್ನ ಮುಖ ನೋಡೀನಿ ನಾ. ಭಾಳ ಅಂಜಿಕಿ ಆತು, ವೈಜೂ. ಈಗೊಮ್ಮೆ ಮೈ ತಡಕೊಂಡ್ರ ನಾಳೆ ಮುಂಜಾನಿ ತಾನೇ ಹಚ್ಚಿಕೋತಾಳ, ಅಂಜಿಕಿ ಬಿಡ್ತದ ಅಂದುಕೊಂಡೆ. ನನ್ನ ಹಳದಿ ಅಂದ್ರ ತಡಕೋತದ ಅನಿಸ್ತು."

"ನನ್ನ ಕೇಳಿದ್ರೇನು?"

"ಕೇಳಿದ್ರ ಒಲ್ಲೆ ಅಂತಿದ್ದಿ."

"ಹೌದು. ಒಲ್ಲೆ ಅಂತಿದ್ದೆ," ಎಂದು ದಸ್ತಿಯನ್ನು ಕಿಟಕಿಯಿಂದ ಹೊರಗೆ ಒಗೆದಳು. "ಅದಕ್ಕೇ ಕೇಳಲಿಲ್ಲ ನೀವು."

ಮರುದಿನ ಮುಹೂರ್ತ ನಡೆಯಲಿಲ್ಲ. ಹೆಣ್ಣಿಗೆ ಜ್ವರ ಎಂದು ಬಂದವರಿಗೆಲ್ಲ ಹೇಳಿದರು. ಅಡುಗೆಯವರು ಮಾಡಿಟ್ಟ ಬುಂದಿ ಓಣಿಗೆ ಹಂಚಿದರು. ಹಿರಿಯರು ಕೂತು ಮಾತಾಡಿ, ಶ್ರಾವಣದ ಹೊತ್ತಿಗೆ ಹುಡುಗಿ ಸುಧಾರಿಸಿದರೆ ಇನ್ನೊಂದು ಮುಹೂರ್ತ ನೋಡೋಣ ಎಂದರು. ಸರಸ್ವತೀಬಾಯಿ ಬಂದು ಅತ್ತರು. ಅರಿಶಿಣ ಹೆಬ್ಬೆರಳಿಗೆ ಸಾಕು ಎಂದು ಮಗ ಒಂದು ಮಾತೂ ಹೇಳಿರಲಿಲ್ಲವಂತೆ. "ಹೇಳಿದ್ದರ ನಾ ಹಚ್ಚತಿದ್ದೆನೇನವ್ವಾ?" ಎಂದರು. ವೈಜಯಂತಿ ಅವರ ಕಾಲಿಗೆರಗಿದಳು. ಅವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ.

ಮುಕುಂದನ ಮೇಲೂ ಬಹಳ ದಿನ ಸಿಟ್ಟು ಉಳಿಯಲಿಲ್ಲ. ಅದೇ ದೊಡ್ಡ ದುಃಖ. ಸಿಟ್ಟಿದ್ದಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತಿತ್ತು.

ಅವನು ಬಂದು ಕೂರುತ್ತಿದ್ದ, ದೂರದ ಕುರ್ಚಿಯಲ್ಲಿ. ಕೆಂಪುಬಾಳೆ ತರುತ್ತಿದ್ದ. ತಪ್ಪಾಯಿತು ಎಂದು ಎಲ್ಲ ಬಗೆಯಲ್ಲೂ ಹೇಳಿದ. ಅವಳು ನಂಬಿದಳು. ಆದರೆ ಹಣ್ಣು ಕೊಡುವಾಗ ಅವನ ಬೆರಳು ತಾಗಿದರೆ ಸಾಕು, ಕೆನ್ನೆಯ ಮೇಲೆ ಆ ಒದ್ದೆ ಅಂಗೈಗಳು ಎದ್ದು ಕೂರುತ್ತಿದ್ದವು. ಬೆನ್ನು ಬೆವರುತ್ತಿತ್ತು. ಎಷ್ಟು ಸಲ ತನಗೆ ತಾನೇ ಬೈದುಕೊಂಡಳು! ಒಂದು ಮಧ್ಯಾಹ್ನ ಕಣ್ಣು ಮುಚ್ಚಿ, "ಕೈ ಕೊಡ್ರಿ," ಎಂದು ತಾನೇ ಅವನ ಕೈ ಹಿಡಿದಳು. ಹಿಡಿದು, ತುಟಿ ಕಚ್ಚಿ, ಕುಳಿತಳು. ಅವನೇ ಮೆಲ್ಲಗೆ ಬಿಡಿಸಿಕೊಂಡ. ಅವಳ ಮುಖ ಲೋಷನ್ ಹಚ್ಚಿಕೊಂಡಾಗ ಹೇಗಾಗುತ್ತಿತ್ತೋ ಹಾಗೆಯೇ ಆಗಿತ್ತು. ಅವನು ಅದನ್ನು ನೋಡಿಬಿಟ್ಟಿದ್ದ.

ಶ್ರಾವಣ ಬಂತು. ಹುಮನಾಬಾದಿಗೆ ವರ್ಗ ಕೇಳಿಕೊಂಡಿದ್ದೇನೆ ಎಂದು ಮುಕುಂದ ಹಾಜಿರಾಳ ಕೈಯಲ್ಲಿ ಹೇಳಿ ಕಳಿಸಿದ್ದ. ಒಂದು ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗಾಗಿ ನಿಂತಿದ್ದ. ಕೈಯಲ್ಲಿ ದಸ್ತಿ. ಅಚ್ಚ ಬಿಳಿ.

"ಎಷ್ಟು ಒಗದೀನಿ ಲೆಕ್ಕಿಲ್ಲ," ಎಂದ. "ಸೀಗಿಕಾಯಾಗ, ನಿಂಬಿಹುಳ್ಯಾಗ. ಬಿಸಿಲಿಗೆ ಹಾಕಿ ಹಾಕಿ ಹಳದಿ ಪೂರಾ ಹೋಗೇದ. ನೋಡು."

ಹಳದಿಯನ್ನು ತೆಗೆದದ್ದು ಬಿಸಿಲು. ಅವಳು ತೆಗೆದುಕೊಂಡಳು. ಬಟ್ಟೆ ಮೊದಲಿಗಿಂತ ಮೆತ್ತಗಾಗಿತ್ತು. ಎಷ್ಟು ಆಸೆಯಿಂದ ಮುಖದ ಬಳಿ ತಂದಳು! ದೇವರೇ, ಇದೊಂದು ಉಳಿದಿರಲಿ ಎಂದುಕೊಂಡಳು.

ಕಣ್ಣು ತೆರೆದಾಗ ಅವನು ಉಸಿರು ಹಿಡಿದು ನಿಂತಿದ್ದ.

"ವಾಸನಿ ಹೋಗಿಲ್ಲರೀ."

"ಇಲ್ಲಲ್ಲ ವೈಜೂ, ನಾ ಮೂಸಿ ನೋಡೀನಿ..."

"ನಿಮಗ ಬರಂಗಿಲ್ಲ. ನನಗ ಬರ್ತದ." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಮನಸು ಯಾವಾಗೋ ಮಾಫ್ ಮಾಡೇದ. ನಿಮ್ಮನ್ನ ಬಿಟ್ಟು ಬ್ಯಾರೆ ಯಾರೂ ಬ್ಯಾಡ ಅಂತದ. ಮನಸಿಗೆ ಹೇಳಿದ್ರ ತಿಳೀತದರೀ. ಈ ಮೈಗೆ ಯಾರು ಹೇಳೋರು?"

ಅಷ್ಟರಲ್ಲಿ ಬಸ್ಸು ಬಂತು. ಜನ ನುಗ್ಗಿದರು. ಮುಕುಂದ ಅವಳ ಕೈಯಿಂದ ದಸ್ತಿ ಎಳೆದುಕೊಂಡು ಓಡಿದ. ಮೊದಲಿನಂತೆಯೇ ಓಡಿದ, ಎಡಗಡೆಯ ಕಿಟಕಿಗೆ ಕೈ ತೂರಿಸಿ ಒಗೆದ.

ಅವಳು ಹತ್ತಿದಳು. ಸೀಟು ಅವಳಿಗಾಗಿ ಇತ್ತು. ಹಾಜಿರಾ ಪಕ್ಕಕ್ಕೆ ಬರದೆ ಹಿಂದೆ ಹೋಗಿ ಕೂತಳು. ವೈಜಯಂತಿ ದಸ್ತಿಯನ್ನು ಪಕ್ಕದ ಖಾಲಿ ಜಾಗದ ಮೇಲೆ ಸರಿಸಿ ಕಿಟಕಿಗೆ ಕೂತಳು. ಅವನು ಕೆಳಗೆ ನಿಂತಿದ್ದ, ತಲೆಯ ಮೇಲೆ ಪೂರ್ತಿ ಬಿಸಿಲು. ಕಿಟಕಿಯ ಸರಳು ಹಿಡಿಯಲು ಕೈ ಎತ್ತಿದ, ಅವಳ ಬೆರಳು ಅಲ್ಲಿದ್ದದ್ದು ನೋಡಿ ಕೈ ಇಳಿಸಿದ.

"ನೆರಳಿನ್ಯಾಗ ಇರು," ಎಂದ.

"ನೀವು ಹತ್ತಂಗಿಲ್ಲೇನು?"

"ನಂದು ಮುಂದಿನ ಬಸ್ಸು."

ಯಂಕಪ್ಪ ಸೀಟಿ ಊದಿದ. ಅಂದು ಅವನು ಯಾರನ್ನೂ ಕಾಡಲಿಲ್ಲ.

ಮಹಾಗಾಂವ ಕ್ರಾಸಿನಲ್ಲಿ ಬಸ್ಸು ತಿರುಗಿತು. ಬಿಸಿಲು ಎಡಗಡೆಗೆ ನುಗ್ಗಿ ಅವಳ ಮುಖಕ್ಕೆ ಬಿತ್ತು. ಕೈ ತಾನಾಗಿ ಪಕ್ಕದ ದಸ್ತಿಯತ್ತ ಹೋಯಿತು, ಅರ್ಧಕ್ಕೆ ನಿಂತು ಹಿಂದೆ ಬಂತು. ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು.

ಬುಟ್ಟಿ ಹಿಡಿದ ಮುದುಕಿಯೊಬ್ಬಳು ಹತ್ತಿ ಅವಳ ಸೀಟಿನ ಬಳಿ ಬಂದು ನಿಂತಳು. ಬಿದ್ದಿದ್ದ ದಸ್ತಿ ನೋಡಿ ಹಿಂಜರಿದಳು.

"ಯವ್ವಾ, ಇಲ್ಲಿ ಯಾರರೆ ಬರೋರು ಅದಾರೇನು?"

ವೈಜಯಂತಿ ಅಂಗೈ ತೆಗೆದು ದಸ್ತಿಯನ್ನು ನೋಡಿದಳು. ಅದನ್ನು ಎತ್ತಿ, ಮಡಚಿ, ತೊಡೆಯ ಮೇಲಿಟ್ಟುಕೊಂಡಳು.

"ಯಾರೂ ಇಲ್ಲವ್ವಾ," ಎಂದಳು. "ಕೂಡು."